ಏನೂ ಸಿಗದಿದ್ದಕ್ಕೆ ಒಂದು ಸನ್ಮಾನ

ಇದನ್ನು ಹೇಳಿಬಿಡಬೇಕು ಅಂದುಕೊಳ್ಳುತ್ತಲೇ ಮೂರ್ನಾಲ್ಕು ಮಳೆಗಾಲ ಕಳೆದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದೆ, ತೆಗೆಸಿದ್ದಾಯಿತು. ಮೊಮ್ಮಗಳ ಮದುವೆ ಮುಗಿಯಲಿ ಅಂದೆ. ಮುಗಿದು ಅವಳಿಗೊಂದು ಕೂಸೂ ಆಯಿತು. ನೆಪಗಳೆಲ್ಲ ತೀರಿದ ಮೇಲೆ ಉಳಿದದ್ದು ಹೇಡಿತನ ಒಂದೇ. ಅದಕ್ಕೆ ಬೇರೆ ಹೆಸರಿಟ್ಟು, ಬಣ್ಣ ಹಚ್ಚಿ, ದಾರಿಯಲ್ಲಿ ಕಟ್ಟುವ ಕೆಲಸವನ್ನು ನಾನು ಜೀವನಪೂರ್ತಿ ಮಾಡಿದ್ದೇನೆ. ಇನ್ನು ಸಾಕು.

ಹೋದ ವಾರ ಮನೆಯ ಮುಂದೆ ಮೆಕ್ಕೆಜೋಳ ಹರವಿದ್ದೆವು. ಮಧ್ಯಾಹ್ನ ಕೂಡ್ಲಿಗಿ ಕಡೆಯಿಂದ ಮೋಡ ಎದ್ದಿತು. ಮಗ ಗೋದಾಮಿನಿಂದ ಹಳೆಯ ಫ್ಲೆಕ್ಸುಗಳನ್ನು ಎಳೆದು ತಂದು ರಾಶಿಯ ಮೇಲೆ ಹೊದಿಸಿದ. ಬಿಸಿಲಿಗೆ ಕಾದ ಫ್ಲೆಕ್ಸಿನ ಮೇಲೆ ಮೊದಲ ಹನಿಗಳು ಬಿದ್ದಾಗ ಒಂದು ವಾಸನೆ ಏಳುತ್ತದೆ, ಸೀಮೆಎಣ್ಣೆ ಮತ್ತು ಸುಟ್ಟ ರಬ್ಬರು ಸೇರಿದಂಥದ್ದು. ಆ ವಾಸನೆಯಲ್ಲೇ ಉಂಡು ಮಲಗಿದವನು ನಾನು, ನನಗೆ ಅದು ಹೊಸದಲ್ಲ. ಆದರೆ ಜೋಳದ ಗುಡ್ಡೆಯ ಮೇಲೆ ನನ್ನದೇ ಮುಖ ಮಲಗಿತ್ತು. ಹಣೆಯ ಮೇಲೆ ವಿಭೂತಿ, ಕೈ ಮುಗಿದ ಭಂಗಿ, ತುಟಿಯಲ್ಲಿ ಗಣ್ಯನ ನಗು. ಮೂಲೆಯಲ್ಲಿ, ಅಂಗೈಯಗಲದ ವೃತ್ತದೊಳಗೆ, ಸುಜಾತಾಳ ಮುಖ. ಸನ್ಮಾನ ಅವಳದು, ದೊಡ್ಡ ಮುಖ ನನ್ನದು. ಅದರ ಮೇಲೆ ಕೆಂಪಕ್ಷರದ ಸಾಲು: ‘ದೂರದ ಗೆಲಾಕ್ಸಿಯ ಕಣಗಳನ್ನು ಪತ್ತೆ ಹಚ್ಚಿದ ನಮ್ಮೂರ ಹೆಮ್ಮೆಯ ಪುತ್ರಿ’. ಆ ಸಾಲು ಸುಳ್ಳು. ಸುಳ್ಳೆಂದು ನನಗೆ ಗೊತ್ತಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವನು. ಮೊದಲು ಗೋಡೆಗಳ ಮೇಲೆ ಅಕ್ಷರ ಬರೆಯುತ್ತಿದ್ದೆ, ಆಮೇಲೆ ಬಟ್ಟೆಯ ಮೇಲೆ, ಕೊನೆಗೆ ಮಷಿನ್ನು ಬಂತು. ಹಡಗಲಿಯಿಂದ ಹರಪನಹಳ್ಳಿಯವರೆಗೆ ಯಾರ ಹುಟ್ಟುಹಬ್ಬಕ್ಕೂ ನನ್ನ ಬಳಿಯೇ ಬರುತ್ತಿದ್ದರು. ಚುನಾವಣೆಯಲ್ಲಿ ಗೆದ್ದವನು ಫ್ಲೆಕ್ಸ್ ಹಾಕಿಸುತ್ತಿದ್ದ, ಸೋತವನೂ ಹಾಕಿಸುತ್ತಿದ್ದ. ಊರಿಗೆ ಒಂದು ನೀರಿನ ಟ್ಯಾಂಕು ಮಂಜೂರಾಗಿದೆ ಎಂಬ ಸುದ್ದಿ ಬಂದರೆ ಸಾಕು, ಅಗೆತಕ್ಕೆ ಗುದ್ದಲಿ ಬೀಳುವ ಮೊದಲೇ ಹಾರ ಬೀಳುತ್ತಿತ್ತು. ನಮ್ಮಲ್ಲಿ ಮಂಜೂರಾಯಿತೆಂದರೆ ಮುಗಿಯಿತೆಂದೇ ಲೆಕ್ಕ. ಟ್ಯಾಂಕು ಆಮೇಲೆ ಏಳಲಿ, ಏಳದಿರಲಿ. ಆ ಜನರನ್ನೆಲ್ಲ ನಾನು ಒಳಗೊಳಗೇ ಹೀಯಾಳಿಸುತ್ತಿದ್ದೆ. ಅವರಿಗಿಂತ ನಾನು ಒಂದು ಕೈ ಮೇಲು ಎಂದು ಗೊತ್ತಾದದ್ದು ಆ ವರ್ಷ.

ಕೊರೊನಾ ಮುಗಿದು ಜನ ಮೂಗುಬಾಯಿ ಬಿಟ್ಟುಕೊಂಡು ಓಡಾಡಲು ಶುರುಮಾಡಿದ್ದ ಮಳೆಗಾಲ. ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡಿಗೆ ಮಾಡುವ ಹೆಂಗಸು ಅಡಿಗೆಮನೆಯ ಪಾಚಿಯ ಮೇಲೆ ಜಾರಿ ಮಂಡಿ ಮುರಿದುಕೊಂಡಳು. ಅವಳ ಒಬ್ಬಳೇ ಮಗಳು ಸುಜಾತಾ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದವಳು, ತಾಯಿಯನ್ನು ನೋಡಿಕೊಳ್ಳಲು ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದಳು. ತಂಬ್ರಹಳ್ಳಿ ರಸ್ತೆಯ ಅವರ ಓಣಿಯಲ್ಲಿ ಕರೆಂಟು ಇರುತ್ತಿರಲಿಲ್ಲ, ನೆಟ್ಟು ಬರುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಎರಡೂ ಇದ್ದವು. ಅಂಗಡಿಯ ಮೇಲಿನ ಕೋಣೆಯನ್ನು ಹಗಲಿನ ಕೆಲಸಕ್ಕೆ ಬಾಡಿಗೆಗೆ ಕೇಳಿದಳು.

ನಾನು ಹೂಂ ಅಂದೆ. ದೊಡ್ಡತನದಿಂದಲ್ಲ. ಮೇಲೊಬ್ಬಳು ‘ಸೈಂಟಿಸ್ಟು’ ಕೂತಿದ್ದಾಳೆಂದು ಗಿರಾಕಿಗಳಿಗೆ ಹೇಳಲು ಚೆನ್ನಾಗಿರುತ್ತದೆ ಎಂದು. ಅಷ್ಟು ಹೇಳಿದವನೇ, ಗಿರಾಕಿ ಹೋದ ಮೇಲೆ ಅವಳನ್ನು ಆಡಿಕೊಳ್ಳುತ್ತಿದ್ದೆ. ಜೊತೆಗೆ ಕೊಟ್ರೇಶ ಇರುತ್ತಿದ್ದ. ಕೊಟ್ಟೂರು ಕಡೆಯವನು, ಪಕ್ಕದ ಬೀಜದ ಅಂಗಡಿ ಅವನದು, ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ವಿಷಯದಲ್ಲಿ ನಪಾಸಾದವರು.

“ಏನ್ ಮಾಡ್ತಾಳಲೇ ಬಸಣ್ಣ ಮ್ಯಾಲ ಕುಂತು?”

“ಹುಡುಕಾಕತ್ಯಾಳ.”

“ಏನ್ ಕಳಕಂಡಾಳ?”

“ಕಣ್ಣಿಗೆ ಕಾಣಂಗಿಲ್ಲ, ಕೈಗೆ ಹತ್ತಂಗಿಲ್ಲ, ಗ್ವಾಡಿಯಾಗ ಹಾದು ಹೊಕ್ಕಾವಂತ. ಅಂಥವನ್ನ.”

“ದೆವ್ವ ಅನ್ನು.”

“ದೆವ್ವಾದ್ರೂ ಒಬ್ಬರ ಮೈಮ್ಯಾಲ ಬರ್ತೈತಲೇ. ಇವು ಅದನ್ನೂ ಮಾಡಂಗಿಲ್ಲ.”

ಇಬ್ಬರೂ ನಗುತ್ತಿದ್ದೆವು. ಮೇಲಿನ ಕೋಣೆಗೆ ಇದ್ದದ್ದು ಹಲಗೆಯ ನೆಲ. ಕೆಳಗಿನ ಮಾತು ಮೇಲೆ ಕೇಳುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಗಟ್ಟಿಯಾಗಿ ಆಡುತ್ತಿದ್ದೆ.

ಒಂದು ದಿನ ಜಿಟಿಜಿಟಿ ಮಳೆ ಹಿಡಿದು ಗಿರಾಕಿ ಇರಲಿಲ್ಲ. ಅವಳು ಚಹಾಕ್ಕೆಂದು ಕೆಳಗೆ ಬಂದವಳು ತಾನಾಗಿಯೇ ಹೇಳಿದಳು. “ನೀವಿಬ್ರೂ ಆಡೋದು ಕೇಳಿಸ್ತೈತ್ರಿ ಸರ್. ದೆವ್ವ ಅಲ್ರಿ, ನ್ಯೂಟ್ರಿನೊ. ಈಗ ನಿಮ್ಮ ಅಂಗೈಯಾಗಿಂದ ಕೋಟಿಗಟ್ಲೆ ಹಾದು ಹೋಗಾಕತ್ತಾವು.”

ನಾನು ಕೈಯನ್ನು ಪಂಚೆಗೆ ಒರೆಸಿಕೊಂಡೆ. ಕೊಟ್ರೇಶ ನಕ್ಕ. ಅವಳೂ ನಕ್ಕಳು.

ಆಮೇಲೆ ಬಿಡಿಸಿ ಹೇಳಿದಳು. ಅಂಗೈಯಲ್ಲಿ ಹಾದುಹೋಗುವ ಹೆಚ್ಚಿನವು ನಮ್ಮ ಸೂರ್ಯನಿಂದ ಬಂದವು, ಬಡ ಶಕ್ತಿಯವು. ಅವಳಿಗೆ ಬೇಕಾದವು ಬೇರೆ. ಬಹಳ ದೂರದಲ್ಲಿ ಕೆಲವು ಗೆಲಾಕ್ಸಿಗಳಿವೆಯಂತೆ. ಅವುಗಳ ನಡುವೆ ಒಂದು ದೈತ್ಯ ಕಪ್ಪುರಂಧ್ರ ಕೂತು ಸುತ್ತಲಿನದ್ದನ್ನೆಲ್ಲ ನುಂಗುತ್ತಿರುತ್ತದಂತೆ. ಆ ಗದ್ದಲದಲ್ಲಿ ಭಾರಿ ಶಕ್ತಿಯ ನ್ಯೂಟ್ರಿನೊಗಳು ಹುಟ್ಟಿ ಇಲ್ಲಿಯವರೆಗೆ ಬರಬಹುದು. ಬೆಳಕನ್ನಾದರೂ ದಾರಿಯಲ್ಲಿ ದೂಳು ತಡೆಯುತ್ತದೆ. ಇವನ್ನು ಯಾವುದೂ ತಡೆಯುವುದಿಲ್ಲ. ಅದಕ್ಕೇ ಹಿಡಿಯುವುದೂ ಕಷ್ಟ. ದಕ್ಷಿಣ ಧ್ರುವದ ಹಿಮದಲ್ಲಿ ನಮ್ಮ ಬೋರುಗಳಿಗಿಂತ ಎಷ್ಟೋ ಪಾಲು ಆಳಕ್ಕೆ ತೂತು ಇಳಿಸಿ, ಗಾಜಿನ ಗುಂಡುಗಳನ್ನು ಸರದಂತೆ ಇಳಿಬಿಟ್ಟಿದ್ದಾರೆ. ಯಾವಾಗಲೋ ಒಂದು ನ್ಯೂಟ್ರಿನೊ ಹಿಮಕ್ಕೆ ತಾಗಿದಾಗ ನೀಲಿ ಬೆಳಕಿನ ಒಂದು ಮಿಣುಕು. ಆ ಮಿಣುಕು ಯಾವ ದಿಕ್ಕಿನಿಂದ ಬಂತು ಎಂದು ಲೆಕ್ಕ ಹಾಕುವುದು ಇವರ ಕೆಲಸ. ಬೇರೆಯವರಿಗೆ ಒಂದೆರಡು ಗೆಲಾಕ್ಸಿಗಳ ದಿಕ್ಕಿನಲ್ಲಿ ಸುಳಿವು ಸಿಕ್ಕಿದೆ. ತಾನು ಬೇರೆ ಜಾತಿಯ ಗೆಲಾಕ್ಸಿಗಳ ಗುಂಪನ್ನು ಆರಿಸಿಕೊಂಡಿದ್ದೇನೆ ಅಂದಳು.

“ಹುಡುಕಿ ಎಷ್ಟ್ ವರ್ಷಾತು?” ಎಂದೆ.

“ನಾಕು ಮುಗಿದ್ವು. ಇನ್ನೂ ನೋಡಿಲ್ಲ.”

“ನಾಕು ವರ್ಷ ಹುಡುಕಿ ಇನ್ನೂ ನೋಡಿಲ್ಲ ಅಂದ್ರ?”

“ನೋಡಬಾರ್ದು ಅಂತ ಕಟ್ಟಳಿ ಐತ್ರಿ. ಮೊದ್ಲ ನೋಡಿಬಿಟ್ರ ನಮಗ ಬೇಕಾದ ಉತ್ತರ ಬರೋ ಹಂಗ ಲೆಕ್ಕ ತಿರುವಿಬಿಡ್ತೀವಿ. ಅದಕ್ಕ ದಿಕ್ಕುಗಳನ್ನೆಲ್ಲ ಕಲಸಿ, ಸುಳ್ಳು ಆಕಾಶ ಮಾಡಿ, ಅದರ ಮ್ಯಾಲ ಲೆಕ್ಕ ಸರಿ ಐತೇನು ನೋಡ್ತೀವಿ. ಎಲ್ಲಾ ದೇಶದವರು ಕುಂತು ಪರೀಕ್ಷೆ ಮಾಡಿ, ತೆರೀರಿ ಅಂತ ಒಪ್ಪಿಗಿ ಕೊಟ್ಟ ಮ್ಯಾಲೇ ನಿಜವಾದ ಆಕಾಶ ನೋಡೋದು. ಒಂದ ಸಲ. ಬಂದದ್ದು ಬಂತು.”

ತಮಗೆ ಬೇಕಾದ ಉತ್ತರ ಬರದಂತೆ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವವರೂ ಇರುತ್ತಾರೆಂದು ನಾನು ಕೇಳಿದ್ದು ಅದೇ ಮೊದಲು. ಮೂರ್ಖರು ಅಂದುಕೊಂಡೆ.

ಭಾದ್ರಪದದ ಹೊತ್ತಿಗೆ ಒಂದು ಸಂಜೆ ಅವಳು ಮೆಟ್ಟಿಲನ್ನು ಎರಡೆರಡೇ ಹಾರಿ ಇಳಿದು ಬಂದಳು. ಒಪ್ಪಿಗೆ ಬಂದಿದೆ, ಮುಂದಿನ ವಾರ ತೆರೆಯುತ್ತೇವೆ ಅಂದಳು. ಮುಖ ಬೆಳಗುತ್ತಿತ್ತು. ಒಪ್ಪಿಗೆ ಬಂತು ಎಂಬ ಮಾತು ನನ್ನ ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಅದಕ್ಕೆ ಗೊತ್ತಿದ್ದ ದಾರಿಯಲ್ಲೇ ಓಡಿತು. ನಾನು ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ಶಾಲೆಯ ವಾರ್ಷಿಕ ಕೂಟ ಹತ್ತಿರವಿತ್ತು. ನಮ್ಮ ಶಾಲೆಯ ಹುಡುಗಿ, ಆಕಾಶದ ಕಣ, ಶಾಲು, ಹಾರ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಮಷಿನ್ನಿನಿಂದ ಫ್ಲೆಕ್ಸುಗಳು ಇಳಿದಿದ್ದವು. ರೈಲ್ವೆ ಸ್ಟೇಷನ್ನಿನ ಮುಂದೆ ಒಂದು, ಬಸ್‌ಸ್ಟ್ಯಾಂಡಿನಲ್ಲಿ ಎರಡು, ಹೆದ್ದಾರಿಯ ಮೇಲೆ ಕಾನಹೊಸಹಳ್ಳಿಯವರೆಗೂ ಕಂಬಕ್ಕೊಂದು. ಮುಖ್ಯ ಅತಿಥಿಯಾಗಿ ಹರಪನಹಳ್ಳಿಯ ಒಬ್ಬ ಗುತ್ತಿಗೆದಾರರನ್ನು ಒಪ್ಪಿಸಿದ್ದೆ. ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಡುತ್ತಾರೆ ಎಂಬ ಆಸೆಯೂ ಇತ್ತು, ನನ್ನ ಹೆಸರು ಅವುಗಳ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಬರುತ್ತದೆ ಎಂಬ ಆಸೆ ಅದಕ್ಕಿಂತ ದೊಡ್ಡದಿತ್ತು.

ಫ್ಲೆಕ್ಸ್ ನೋಡಿ ಆ ತಾಯಿ ಕೋಲು ಊರಿಕೊಂಡು ಅಂಗಡಿಗೆ ಬಂದಳು. ಮೆಟ್ಟಿಲ ಕೆಳಗೇ ನಿಂತಳು. “ಸಾವ್ಕಾರ್ರ, ಒಂದು ಮಾತು ಕೇಳ್ಲೇನ್ರಿ?”

“ಏನಬೇ?”

“ಆಕಿಗೆ ಸನ್ಮಾನ ಮಾಡೋವಾಗ ನಾನೂ ಸ್ಟೇಜಿನ ಮ್ಯಾಲ ಕುಂದ್ರಬೇಕ್ರಿ. ಹನ್ನೆರಡು ವರ್ಷಾತು, ಆ ಸ್ಟೇಜ್ ಕಸ ಹೊಡದೀನಿ, ಕುರ್ಚಿ ಹಾಕೀನಿ, ತಗದೀನಿ. ಕುಂತಿಲ್ಲ. ಅಲ್ಲಿಂದ ಸಾಲಿ ಹೆಂಗ ಕಾಣತೈತಿ ಅಂತ ನೋಡಬೇಕು.”

“ಅದಕ್ಕೇನಂತ, ಕುಂದ್ರು,” ಎಂದೆ. ಸುಲಭದ ದಾನ. ಫ್ಲೆಕ್ಸಿನಲ್ಲಿ ಅವಳ ಹೆಸರಿರಲಿಲ್ಲ. ಮುಖ್ಯ ಅತಿಥಿಯ ಬಾವಮೈದುನನ ಹೆಸರಿತ್ತು.

ಮುಂದಿನ ವಾರ ಆಕಾಶ ತೆರೆಯುವ ದಿನ ಬಂತು. ಮಧ್ಯಾಹ್ನ ಸುಜಾತಾ ನಿಧಾನವಾಗಿ ಇಳಿದು ಬಂದು ನನ್ನ ಎದುರು ಕೂತಳು.

“ಫ್ಲೆಕ್ಸ್ ತಗಸ್ರಿ ಸರ್. ತೆರದ್ವಿ. ಏನೂ ಸಿಗಲಿಲ್ಲ.”

“ಏನೂ ಅಂದ್ರ?”

“ಆ ಗೆಲಾಕ್ಸಿಗಳ ದಿಕ್ಕಿನಾಗ ಹೆಚ್ಚಿಗಿ ಏನೂ ಬಂದಿಲ್ಲ. ಕಲಸಿದ ಆಕಾಶಕ್ಕೂ ಅದಕ್ಕೂ ಫರಕ್ ಇಲ್ಲ. ಇದ್ದರೂ ಇಂತಿಷ್ಟಕ್ಕಿಂತ ಕಡಿಮಿ ಅಂತ ಹೇಳಬಹುದು. ಅದೂ ಒಂದು ಉತ್ತರ. ಆದ್ರ ನೀವು ಬರ್ಸಿದ್ದು ಸುಳ್ಳು. ಒಪ್ಪಿಗಿ ಬಂದಿದ್ದು ನೋಡಾಕ, ಸಿಕ್ಕಿದ್ದಕ್ಕಲ್ಲ.”

ನನಗೆ ಬೆವರು ಬಂತು. ಅವಳ ನಾಲ್ಕು ವರ್ಷಕ್ಕಲ್ಲ, ಕಂಬಗಳ ಮೇಲಿನ ನನ್ನ ಮುಖಕ್ಕೆ. “ಯಾರಿಗ್ ತಿಳಿತೈತವಾ?” ಎಂದೆ. “ಸಿಕ್ತು ಅಂತ ಎರಡು ಮಾತು ಆಡಿ ಶಾಲು ಹೊದಿಸ್ಕ್ಯಂಡು ಇಳಿ. ಬೊಮ್ಮನಹಳ್ಳ್ಯಾಗ ಯಾರು ಲೆಕ್ಕ ಕೇಳ್ತಾರ?”

“ಎದುರಿಗೆ ಸಾಲಿ ಹುಡುಗ್ರು ಕುಂತಿರ್ತಾವಲ್ರಿ.”

“ನಿಮ್ಮವ್ವ ಆಸಿ ಇಟ್ಕಂಡಾಳ. ಕಾರ್ಯಕ್ರಮ ರದ್ದಾದ್ರ ಆಕಿ ಕುರ್ಚಿನೂ ರದ್ದು. ನೋಡು ಮತ್ತ.”

ಇದನ್ನು ನಾನು ಹೇಳಿದೆ. ನಾನೇ. ಅವಳು ಎದ್ದು ಹೋದಳು.

ಮರುದಿನ ತಾಯಿಮಗಳಿಬ್ಬರೂ ಬಂದರು. ಮಾತಾಡಿದ್ದು ತಾಯಿ. “ಆಕಿ ಇದ್ದದ್ದು ಇದ್ದಂಗ ಹೇಳ್ತಾಳ್ರಿ. ಹೇಳಿದ ಮ್ಯಾಲೂ ಶಾಲು ಹಾಕ್ತೀರಂದ್ರ ಹಾಕ್ರಿ, ಬ್ಯಾಡಂದ್ರ ಬಿಡ್ರಿ. ನಾ ಮಾತ್ರ ಕುಂದ್ರಾಕಿ. ಸೀರಿ ತಂದೀನಿ.”

ಕೊಟ್ರೇಶ ಕೂಡ ನಕ್ಕುಬಿಟ್ಟ. ರದ್ದು ಮಾಡಿದರೆ ಗುತ್ತಿಗೆದಾರರ ಮುಂದೆ ನನ್ನ ಮಾನ ಹೋಗುತ್ತದೆ. ಹುಡುಗಿ ಮೈಕಿನ ಮುಂದೆ ನಿಂತರೆ ಹೆದರಿ ನಾನು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಾಳೆ ಎಂದು ಲೆಕ್ಕ ಹಾಕಿದೆ. ಜನರ ವಿಷಯದಲ್ಲಿ ನನ್ನ ಲೆಕ್ಕ ಎಂದೂ ತಪ್ಪಿದ್ದಿಲ್ಲ, ಏಕೆಂದರೆ ಎಲ್ಲರನ್ನೂ ನನ್ನಂಥವರೆಂದೇ ಹಿಡಿಯುತ್ತಿದ್ದೆ.

ಕಾರ್ಯಕ್ರಮದ ದಿನ ಸಣ್ಣಗೆ ಹನಿಯುತ್ತಿತ್ತು, ಶಾಮಿಯಾನಾದ ಅಂಚಿನಿಂದ ನೀರು ಸುರಿಯುತ್ತಿತ್ತು. ವೇದಿಕೆಯ ತುದಿಯ ಕುರ್ಚಿಯಲ್ಲಿ ಆ ತಾಯಿ ಕೂತಿದ್ದಳು. ಹಸಿರು ಸೀರೆ, ಅದರ ಮಡಿಕೆಯ ಗೆರೆ ಇನ್ನೂ ಬಿಟ್ಟಿರಲಿಲ್ಲ. ಕೋಲನ್ನು ಕುರ್ಚಿಯ ಹಿಂದೆ ಬಚ್ಚಿಟ್ಟಿದ್ದಳು. ಭಾಷಣ ಕೇಳುತ್ತಿರಲಿಲ್ಲ, ಬೇವಿನ ಮರ, ಗಂಟೆ, ಅಡಿಗೆಮನೆಯ ತಗಡು ಎಲ್ಲವನ್ನೂ ಆ ಎತ್ತರದಿಂದ ಒಂದೊಂದಾಗಿ ನೋಡುತ್ತಿದ್ದಳು.

ಸುಜಾತಾ ಮೈಕಿಗೆ ಬಂದಳು. ಹೆದರಲಿಲ್ಲ. ಮಕ್ಕಳನ್ನು ನೋಡಿ ಹೇಳಿದಳು. “ಹೊರಗ ಫ್ಲೆಕ್ಸಿನಾಗ ಪತ್ತೆ ಹಚ್ಚಿದಳು ಅಂತ ಬರದಾರ. ನಾನು ಹಚ್ಚಿಲ್ಲ. ನಾಕು ವರ್ಷ ಹುಡುಕಿದೆ, ಸಿಗಲಿಲ್ಲ. ನಮ್ಮಲ್ಲಿ ಬೋರ್ ಕೊರಸ್ತಾರಲ್ಲ, ನೀರು ಬೀಳದಿದ್ರ ಬಾಯಿಗೆ ಕಲ್ಲು ಮುಚ್ಚಿ ಸುಮ್ಮನಾಗ್ತಾರ. ನಮ್ಮ ಕೆಲಸದಾಗ ಹಂಗ ಸುಮ್ಮನಾಗಂಗಿಲ್ಲ. ಇಲ್ಲಿ ಇಷ್ಟು ಆಳ ಕೊರದ್ವಿ, ಇಲ್ಲಿ ಇಲ್ಲ ಅಂತ ಎಲ್ಲರಿಗೂ ಹೇಳಬೇಕು. ಹೇಳಿದ್ರ ಮುಂದ ಬರೋರು ಬ್ಯಾರೆ ಕಡಿ ಹುಡುಕ್ತಾರ. ನೀವೂ ಬರ್ರಿ.”

ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡವರು ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಮುಖ್ಯ ಅತಿಥಿ ನನ್ನ ಕಡೆ ಬಾಗಿ, “ಏನಪ್ಪಾ ಬಸವರಾಜಣ್ಣ, ಸಿಕ್ಕಿಲ್ಲ ಅಂತಾಳಲ್ಲ ಹುಡುಗಿ. ಇದಕ್ಕಾ ನನ್ನನ್ನ ಅಷ್ಟು ದೂರದಿಂದ ಕರೆಸಿದ್ದು?” ಅಂದರು.

ನಾನು ಎದ್ದೆ. ಶಾಲು ಇನ್ನೂ ತಟ್ಟೆಯಲ್ಲಿತ್ತು. ಮೈಕನ್ನು ನನ್ನ ಬಾಯಿಗೆ ತಿರುಗಿಸಿಕೊಂಡು ಹೇಳಿದೆ: “ಮಾನ್ಯ ಅತಿಥಿಗಳು ನನ್ನನ್ನ ಕ್ಷಮಿಸಬೇಕು. ಇಂಥೋರನ್ನ ತಂದು ಮ್ಯಾಲ ಕುಂದ್ರಿಸಿದ್ದು ನಂದ ತಪ್ಪು.”

ಇಂಥವರು ಅಂದರೆ ವಿಜ್ಞಾನಿಗಳು ಎಂದು ಆ ಬಯಲಿನಲ್ಲಿ ಒಬ್ಬರೂ ತಿಳಿಯಲಿಲ್ಲ. ತಂಬ್ರಹಳ್ಳಿ ರಸ್ತೆಯ ಓಣಿಯ ಜನ, ತಮಗಿಂತ ಕೆಳಗಿನವರು ಎಂದು ಎಲ್ಲರೂ ತಿಳಿದರು. ನಾನು ಹೇಳಿದ್ದೂ ಅದನ್ನೇ. ಅಷ್ಟು ದಿನ ದೆವ್ವ, ಗೋಡೆ ಎಂದು ನಗುವಾಗ ನನ್ನ ಹೊಟ್ಟೆಯೊಳಗೆ ಇದ್ದದ್ದೂ ಅದೇ: ಎರಡು ಸಲ ಪರೀಕ್ಷೆ ಬರೆದ ನಾನು ಕೆಳಗೆ, ಅಡಿಗೆಯವಳ ಮಗಳು ನನ್ನ ತಲೆಯ ಮೇಲಿನ ಕೋಣೆಯಲ್ಲಿ. ಜೀವನದಲ್ಲಿ ನಾನು ಮೈಕಿನಲ್ಲಿ ಕ್ಷಮೆ ಕೇಳಿದ್ದು ಅದೊಂದೇ ಸಲ, ಅದೂ ಒಬ್ಬ ಗುತ್ತಿಗೆದಾರನಲ್ಲಿ.

ಸುಜಾತಾ ಏನೋ ಹೇಳಲು ಬಾಯಿ ತೆರೆದಳು. ಅವಳ ತಾಯಿ ಕೈ ಎತ್ತಿ ತಡೆದಳು. ಹಿಂದಿನಿಂದ ಕೋಲು ತೆಗೆದುಕೊಂಡು ಎದ್ದಳು. ವೇದಿಕೆಯ ಮೆಟ್ಟಿಲು ಕಡಿದಾಗಿದ್ದವು, ಮಳೆಗೆ ಒದ್ದೆಯಾಗಿದ್ದವು. ನಮ್ಮಲ್ಲಿ ಯಾರೂ ಕೈ ಕೊಡಲಿಲ್ಲ, ಮಗಳು ಹಿಡಿದಳು. ಇಳಿದವಳು ಮನೆಗೆ ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. “ಆ ಕುರ್ಚಿ ತಗಂಬಾ,” ಎಂದು ಮಗಳಿಗೆ ಹೇಳಿದಳು. ಸುಜಾತಾ ವೇದಿಕೆಯ ತುದಿಯ ಕುರ್ಚಿಯನ್ನು ಎತ್ತಿ ತಂದು, ಮಕ್ಕಳ ಮೊದಲ ಸಾಲಿನ ಮುಂದೆ, ಸರಿಯಾಗಿ ನನ್ನ ಎದುರಿಗೆ ಇಟ್ಟಳು. ತಾಯಿ ಕೂತು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಅಂದಳು.

“ನಡಸ್ರಿ ಸಾವ್ಕಾರ್ರ. ಮ್ಯಾಲಿಂದ ಸಾಲಿ ನೋಡಿದ್ದಾತು. ಇನ್ನ ಇಲ್ಲಿಂದ ನಿಮ್ಮನ್ನ ನೋಡ್ತೀನಿ.”

ನೋಡಿದಳು. ಅತಿಥಿಯ ಭಾಷಣ, ಬಹುಮಾನ, ವಂದನಾರ್ಪಣೆ, ಎಲ್ಲ ಮುಗಿಯುವವರೆಗೂ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕಿಯಲ್ಲಿ ಹುಳ ಕಂಡಾಗ ನೋಡುತ್ತಾರಲ್ಲ, ಹಾಗೆ.

“ಜೋರ್ ಕೊಟ್ಟೆಲೇ ಬಸಣ್ಣ,” ಎಂದ ಕೊಟ್ರೇಶ ಸಂಜೆ. ನನಗೆ ಆ ಮಾತು ಹಿತವಾಗಿತ್ತು. ಸುಜಾತಾ ಕೋಣೆ ಖಾಲಿ ಮಾಡಿದಳು. ತನ್ನ ಕೆಲಸವನ್ನು ಬರೆದು ಮುಗಿಸಿ, ಏನೂ ಸಿಗಲಿಲ್ಲವೆಂದೇ ಬರೆದು, ಡಾಕ್ಟರೇಟು ಪಡೆದಳೆಂದು ಆಮೇಲೆ ತಿಳಿಯಿತು. ಏನೂ ಸಿಗದಿದ್ದಕ್ಕೆ ಪದವಿ ಕೊಡುವ ಜನರಿರುವ ಕಡೆ ಅವಳು ಹೋದಳು. ಅದಕ್ಕೆ ಅವಮಾನ ಮಾಡುವವರಿದ್ದ ಕಡೆ ಅವಳ ತಾಯಿ ಉಳಿದಳು.

ದಸರೆ ರಜೆಯ ನಂತರ ಮಂಡಿ ಕೂಡಿಕೊಂಡು ಆ ತಾಯಿ ಅಡಿಗೆ ಕೆಲಸಕ್ಕೆ ವಾಪಸು ಬಂದಾಗ, ಸೇರಿಸಿಕೊಳ್ಳೋಣವೇ ಎಂದು ಶಾಲೆಯವರು ನನ್ನನ್ನು ಕೇಳಿದರು. “ಕಾಲು ಗಟ್ಟಿ ಇಲ್ಲ. ಕುದಿಯೋ ಸಾರು ಮಕ್ಕಳ ಮ್ಯಾಲ ಚೆಲ್ಲಿದ್ರ ಯಾರು ಹೊಣಿ?” ಎಂದೆ. ಮಕ್ಕಳ ಮೇಲೆ ಎಂಥ ಕಾಳಜಿ. ಅವಳ ಜಾಗಕ್ಕೆ ಬೇರೊಬ್ಬಳು ಬಂದಳು. ಗುತ್ತಿಗೆದಾರ ಕೋಣೆಗಳನ್ನು ಇವತ್ತಿಗೂ ಕಟ್ಟಿಸಿಲ್ಲ.

ಹೋದ ವಾರ ಜೋಳದ ಮೇಲೆ ಆ ಫ್ಲೆಕ್ಸ್ ನೋಡಿದ ಮೇಲೆ ಸುಜಾತಾಳ ನಂಬರು ಹುಡುಕಿಸಿ ಫೋನು ಮಾಡಿದೆ. ತಪ್ಪಾಯಿತು ಎಂದೆ. ಅವಳು, “ನೀವು ನನ್ನ ಕ್ಷಮಾ ಕೇಳಿದ್ರಿ, ನಾ ಕೇಳಿಸ್ಕ್ಯಂಡೆ ಸರ್. ಆದ್ರ ನನ್ನ ಕೆಲಸ ಏನೂ ಹೋಗ್ಲಿಲ್ಲ. ಹೋಗಿದ್ದು ಅವ್ವಂದು. ಅವ್ವನ್ನ ಕೇಳ್ರಿ,” ಅಂದಳು.

“ಕೇಳ್ತೀನವಾ,” ಎಂದೆ. ಆಗ ನನಗೆ ಹೊಳೆಯಿತು. “ನಿಮ್ಮವ್ವನ ಹೆಸರೇನು?”

ಹನ್ನೆರಡು ವರ್ಷ ಅವಳು ಬೇಯಿಸಿದ ಅನ್ನವನ್ನು ಎಷ್ಟು ಸಭೆಗಳಲ್ಲಿ ಉಂಡಿದ್ದೇನೆ. ಏನಬೇ, ಅಡಿಗಿಯಾಕಿ, ಇಂಥೋರು. ಸುಜಾತಾ ಹೆಸರು ಹೇಳಿದಳು, ಫೋನು ಇಟ್ಟಳು.

ಈಗ ಆಕೆ ತಂಬ್ರಹಳ್ಳಿ ರಸ್ತೆಯ ತಿರುವಿನಲ್ಲಿ ಮಂಡಕ್ಕಿ ಮಿರ್ಚಿಯ ತಳ್ಳುಗಾಡಿ ಇಟ್ಟಿದ್ದಾಳೆ. ಮೊನ್ನೆ ಸಂಜೆ ಆ ಹೆಸರನ್ನು ಬಾಯಲ್ಲಿಟ್ಟುಕೊಂಡು ಹೋದೆ. ಎಣ್ಣೆಯ ಬಾಣಲೆಯಿಂದ ತಲೆ ಎತ್ತಿ ನನ್ನನ್ನು ಗುರುತು ಹಿಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಗಾಡಿಯ ಪಕ್ಕ ಅವಳು ಕೂರುವ ಪ್ಲಾಸ್ಟಿಕ್ ಕುರ್ಚಿ ಒಂದೇ ಇತ್ತು. ಅದನ್ನು ಕಾಲಿನಿಂದಲ್ಲ, ಬಾಗಿ ಕೈಯಿಂದ ನನ್ನ ಕಡೆ ಸರಿಸಿದಳು.

“ಕುಂದ್ರಿ ಸಾವ್ಕಾರ್ರ.”

ನಾನು ಕೂರಲಿಲ್ಲ. ಹೇಳಲೂ ಇಲ್ಲ. ನಿಂತೇ ಮಿರ್ಚಿ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂಬಂತೆ ಟವೆಲಿನಿಂದ ಒರೆಸಿಕೊಂಡು, ಮನೆಗೆ ಬಂದೆ. ಸಾವಿರಾರು ಜನರ ಹೆಸರನ್ನು ಮಾರುದ್ದದ ಅಕ್ಷರದಲ್ಲಿ ಅಚ್ಚು ಹಾಕಿದ ನಾನು ಅವಳ ಹೆಸರನ್ನು ಎಲ್ಲಿಯೂ ಹಾಕಲಿಲ್ಲ, ಅವಳ ಎದುರು ನಿಂತು ಉಚ್ಚರಿಸಲೂ ಆಗಲಿಲ್ಲ. ನಾಳೆ ಮತ್ತೆ ಹೋಗುತ್ತೇನೋ ಇಲ್ಲವೋ, ನನ್ನ ಮಾತನ್ನು ನಾನೇ ನಂಬುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತೇನೆ, ಓದಿದವರಾದರೂ ಆ ಗಾಡಿಯ ಮುಂದೆ ನಿಂತಾಗ ಹೆಸರು ಹಿಡಿದು ಕರೆಯಲಿ.

ಹುಲಿಗೆಮ್ಮ.